ಸೀಟಿನ ಮೇಲಿನ ದಸ್ತಿ

ಬೆಳಗಾವಿ
೨೭ ನವೆಂಬರ್, ಗುರುವಾರ

ನನ್ನ ಬಾಜೂ ಸೀಟಿನ ತ್ರಿವೇಣಿಗೆ,

ಫೋನ್ ಬಿಟ್ಟು ಇದೇನು ಪತ್ರ ಅಂತ ನಗಬೇಡ. ಫೋನಿನಲ್ಲಿ ಎರಡು ಸಲ ಹೇಳಲು ಹೋಗಿ, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ, ಅರ್ಧ ಇಂಗ್ಲಿಷ್. ತಪ್ಪಿದ್ದಲ್ಲಿ ತಿದ್ದಿಕೊ. ಐದನೇ ಇಯತ್ತೆಯಿಂದ ತಿದ್ದುತ್ತಾ ಬಂದವಳು ನೀನೇ ತಾನೆ.

ಮಕ್ಕಳ ವಿಭಾಗ, ಪಿಜಿ ಮೊದಲ ವರ್ಷ ಅಂತ ನನ್ನ ಕೊರಳಲ್ಲಿ ಕಾರ್ಡು ನೇತಾಡುತ್ತಿದೆ. ಅದರ ಮೇಲೆ ನಿನ್ನ ಹೆಸರಿರಬೇಕಿತ್ತು. ನೀನು ಒಮ್ಮೆಯೂ ಹಾಗೆ ಅಂದಿಲ್ಲ. ಸೀಟು ಹಂಚಿದ ದಿನ ನಾನು ಅಳುತ್ತಾ ಫೋನ್ ಮಾಡಿದರೆ, ಅಳಾಕ ಏನಾಗೇತಿ ಹುಚ್ಚಿ, ಇಬ್ಬರಾಗ ಒಬ್ಬಾಕಿಗರ ಬಂತಲ್ಲ, ಅಂತ ನೀನೇ ಸಮಾಧಾನ ಮಾಡಿದೆ. ನಾನೇನಂದೆ ನೆನಪಿದೆಯಾ? ರೇಡಿಯಾಲಜಿ ಸಿಗಲಿಲ್ಲ, ಕಂಪ್ಯೂಟರ್ ಇದನ್ನ ಕೊಟ್ಟುಬಿಡ್ತು, ಅಂದೆ.

ಕಂಪ್ಯೂಟರ್ ತಾನಾಗಿ ಏನೂ ಕೊಡೋದಿಲ್ಲ, ತ್ರಿವೇಣಿ. ನಾವು ತುಂಬಿದ್ದನ್ನೇ ಕೊಡುತ್ತದೆ. ನೀನು ಪೀಡಿಯಾಟ್ರಿಕ್ಸ್ ಒಂದನ್ನೇ ತುಂಬಿದೆ. ನಿನ್ನ ರ‍್ಯಾಂಕಿಗೆ ಎಟುಕುವುದು ಬೆಳಗಾವಿಯ ಇದೊಂದೇ ಸೀಟು ಅಂತ ನೀನೇ ನನಗೆ ತೋರಿಸಿದ್ದೆ. ನಾನು ರೇಡಿಯಾಲಜಿಗಳನ್ನೆಲ್ಲ ತುಂಬಿದೆ. ಲಾಕ್ ಮಾಡುವ ಮುಂಚೆ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ಏನೂ ಬರದಿದ್ದರೆ? ಮಗಳು ಸ್ಪೆಷಲಿಸ್ಟ್ ಆಗ್ತಾಳ ಅಂತ ಅಪ್ಪ ಖಾನಾಪುರದ ತಾಲೂಕು ಕಚೇರಿ ತುಂಬ ಹೇಳಿಕೊಂಡು ತಿರುಗಿದ್ದಾರೆ. ಬ್ಯಾಕಪ್ ಇರಲಿ ಅಂತ ಕೊನೆಗೆ ನಿನ್ನ ಸೀಟನ್ನೂ ಹಾಕಿದೆ. ನನ್ನ ರ‍್ಯಾಂಕ್ ನಿನ್ನದಕ್ಕಿಂತ ತುಸು ಮೇಲಿತ್ತು. ಅಷ್ಟೇ ಸಾಕಾಯಿತು.

ಖಾನಾಪುರ ಬಸ್ ಸ್ಟ್ಯಾಂಡ್ ನೆನಪಾಗುತ್ತಿದೆ. ರಜೆ ಮುಗಿದು ನಮ್ಮನ್ನು ಹಾಸ್ಟೆಲಿಗೆ ಬಿಡಲು ಹೊರಟರೆ, ಬಸ್ಸು ನಿಲ್ಲುವ ಮುಂಚೆಯೇ ನಿಮ್ಮವ್ವ ರೇಣವ್ವ ಕಾಕು ಕಿಟಕಿಯೊಳಗೆ ಮುಖ ಒರೆಸುವ ದಸ್ತಿ ಎಸೆದು ಸೀಟು ಹಿಡಿಯುತ್ತಿದ್ದರು. ವಾಂತಿ ಮಾಡ್ತಾಳ ಅಂತ ಕಿಟಕಿ ಯಾವಾಗಲೂ ನನಗೆ. ಒಮ್ಮೆ ಒಬ್ಬ ಇಸ್ತ್ರಿ ಅಂಗಿಯವನು ಒಂದು ಸೀಟಿಗೆ ದಸ್ತಿ ಹಾಕಿಟ್ಟು, ತಾನು ಮುಂದೆ ದೋಸ್ತನ ಹತ್ತಿರ ಹೋಗಿ ಕೂತಿದ್ದ. ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಆ ಖಾಲಿ ಸೀಟಿನ ಪಕ್ಕದಲ್ಲೇ ನಿಂತಿದ್ದಳು. ದೇಸೂರಿನ ತನಕ ಕಾಕು ನೋಡುತ್ತಾ ಕೂತರು. ಆಮೇಲೆ ಎದ್ದು, ಆ ದಸ್ತಿಯಿಂದ ಕೂಸಿನ ಮೂಗು ಒರೆಸಿ, ಹೆಂಗಸನ್ನು ಕೂರಿಸಿ, ದಸ್ತಿಯನ್ನು ಅವನ ಕೈಗೇ ಕೊಟ್ಟು, ತಗೋರಿ ಸಾಹೇಬರ, ನಿಮ್ಮ ಸೀಟು, ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ದಸ್ತಿ ಹಾಕಿದ ಮ್ಯಾಲ ಕುಂದರಬೇಕು, ಇಲ್ಲಂದ್ರ ತಕ್ಕೋಬೇಕು, ಅಂತ ನಮಗೂ ಪಾಠ ಆಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಈಗ ಮುಖ್ಯ ಮಾತು. ನಾಳೆ ಶುಕ್ರವಾರ ಸಂಜೆ ಐದರೊಳಗೆ ನಾನು ಈ ಸೀಟು ಬಿಟ್ಟರೆ, ಎರಡನೇ ರೌಂಡಿನಲ್ಲಿ ಅದು ನಿನಗೆ ಬರುತ್ತದೆ. ನಾನು ಬರಿಗೈಲಿ ರೇಡಿಯಾಲಜಿಗೆ ಕಾಯಬೇಕು. ಬಿಡದಿದ್ದರೆ ನೀನು ಮೂರನೇ ಸಲ ಪರೀಕ್ಷೆಗೆ ಕೂಡಬೇಕು. ಇದು ನಿನಗೂ ಗೊತ್ತು. ಗೊತ್ತಿದ್ದೂ ನೀನು ಕೇಳುವವಳಲ್ಲ.

ಬಿಡುವುದು ಸುಲಭ ಅಂದುಕೊಂಡಿದ್ದೆ. ಮಕ್ಕಳು ಅತ್ತರೆ ನನ್ನ ಕೈಕಾಲು ತಣ್ಣಗಾಗುತ್ತವಲ್ಲ. ಆದರೆ ಮೊನ್ನೆ ನಂದಗಡದ ಕಡೆಯ ಒಂದು ಹುಡುಗಿ ಬಂದಳು, ನಿಮೋನಿಯಾ. ಸಲೈನ್ ಹಚ್ಚಲು ನರ ಸಿಗಲಿಲ್ಲ. ನಮ್ಮ ಸೀನಿಯರ್ ಅಭಿಜಿತ ಸರ್ ನನ್ನನ್ನು ನೋಡಿ, ಡಾಕ್ಟರ್ ವರದಾ, ಕೂಸಿಗಿಂತ ಮೊದಲ ನೀವ ಅಳೂಹಂಗ ಕಾಣತೀರಲ್ಲ, ಅಂದರು. ಅಳಲಿಲ್ಲ. ಎರಡನೇ ಸಲಕ್ಕೆ ನರ ಸಿಕ್ಕಿತು. ಇವತ್ತು ಬೆಳಿಗ್ಗೆ ಅವಳು ತಾನು ಚೀಪುತ್ತಿದ್ದ ಬಿಸ್ಕೀಟು ಮುರಿದು ನನ್ನ ಬಾಯಿಗೆ ತುರುಕಿದಳು. ಒದ್ದೆಯಾಗಿತ್ತು. ಇದು ತ್ರಿವೇಣಿಯ ಬಿಸ್ಕೀಟು ಅಂದುಕೊಂಡೆ. ಆದರೂ ನುಂಗಿದೆ. ಖರೇ ಹೇಳ್ತೀನಿ, ಇಲ್ಲಿ ನನಗೆ ಇಷ್ಟು ಹಿತ ಆಗಬಾರದಿತ್ತು.

ಆದರೂ ನಿರ್ಧಾರ ನಿನ್ನದೇ. ಪತ್ರವನ್ನು ಖಾನಾಪುರ ಬಸ್ಸಿನ ಕಂಡಕ್ಟರ್ ಕಲ್ಲಯ್ಯ ಮಾಮಾನ ಕೈಯಲ್ಲಿ ಕಳಿಸುತ್ತೇನೆ. ಬೆಳಿಗ್ಗೆಯೇ ತಲುಪುತ್ತದೆ. ಬಿಡು ಅಂತ ಒಂದೇ ಒಂದು ಮಾತು ಹೇಳು, ಐದರೊಳಗೆ ಬಿಡುತ್ತೇನೆ. ನಿನ್ನಾಣೆ.

ಕಿಟಕಿ ಕಡೆ ಕೂತವಳು,
ವರದಾ

ತಾ.ಕ.: ಪತ್ರ ತಡ ಆಯಿತು ಅಂತ ಕಲ್ಲಯ್ಯ ಮಾಮಾನನ್ನು ಬೈಯಬೇಡ. ನೀನು ಅವರನ್ನೇ ಬೈಯಬೇಕು ಅಂತ ನಾನು ಮೇಲೆ ಗುರುವಾರದ ತಾರೀಖು ಹಾಕಿದ್ದೆ. ಇದನ್ನೆಲ್ಲ ಬರೆದದ್ದು ಇವತ್ತು, ಶನಿವಾರ. ನಿನ್ನೆ ಐದು ಗಂಟೆಗೆ ನಾನು ವಾರ್ಡಿನಲ್ಲಿದ್ದೆ, ನೀನೆಲ್ಲಿ ಬಿಡು ಅಂತೀಯೋ ಅಂತ ಫೋನ್ ಆಫ್ ಮಾಡಿಕೊಂಡು. ದಸ್ತಿ ತೆಗೆಯಲಿಲ್ಲ, ತ್ರಿವೇಣಿ. ಅದರ ಮೇಲೆ ಕೂತೆ. ಕಾಕುಗೆ ನೀನೇ ಹೇಳು.