ಕುಲುಮೆಗೆ ಎದುರಿನ ಕುರ್ಚಿ

ಗುರುವಾರ, ಮಧ್ಯಾಹ್ನ

ಅಮ್ಮನಿಗೆ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಫೋನಿನಲ್ಲಾದರೆ ಕುಕ್ಕರ್ ಕೂಗುತ್ತಿದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಡ್ರೈವರ್ ಕೈಯಲ್ಲಿ ಈ ಕಾಗದ.

ಕುಲುಮೆ ಕಟ್ಟುವ ನಮ್ಮ ಕಂಪನಿಯ ಇತಿಹಾಸ ಬರೆಯುತ್ತಿದ್ದೇನಲ್ಲ, ಹಳೆಯ ಫೋಟೊ ಕೇಳಲು ನಿನ್ನೆ ಸೋದರಮಾವನ ಮನೆಗೆ ಹೋಗಿದ್ದೆ. ಮೊದಲ ಅಧ್ಯಾಯ ಓದಿ ಹೇಳಿದೆ. ಅಪ್ಪ ತಮ್ಮ ಮೊದಲ ಕುಲುಮೆಯ ಒಳಗೋಡೆಯನ್ನು ಬೆಳಿಗ್ಗೆ ಕಟ್ಟಿ ಮುಗಿಸಿ, ಸಂಜೆಯೊಳಗೆ ಕೆಂಪಗೆ ಕಾಯಿಸಿ ಗಿರಾಕಿಯನ್ನು ಬೆರಗಾಗಿಸಿದ ಕಥೆ. ನೀನು ಹೇಳಿದಂತೆಯೇ ಬರೆದಿದ್ದೆ.

ಮಾವ ನಕ್ಕರು. "ಕಾದಿದ್ದು ನಿಜ ಕಣೇ. ಆಮೇಲೆ ಗೋಡೆ ಸಿಡಿದು ನನ್ನ ಕಣ್ಣಿಗೇ ಬಂತಲ್ಲ, ಅದನ್ನ ಎರಡನೇ ಅಧ್ಯಾಯಕ್ಕೆ ಇಟ್ಕೊಂಡಿದೀಯಾ?" ಎಂದರು.

ನಿನ್ನ ಒಡಹುಟ್ಟಿದ ತಮ್ಮ, ಅಮ್ಮ. ಚಿಕ್ಕವನಿದ್ದಾಗ ಮರದಿಂದ ಬಿದ್ದು ಕಣ್ಣು ಹೋಯಿತು ಎಂದು ನೀನು ಹೇಳುತ್ತಿದ್ದೆ. ನಾವು ಮರ ಹತ್ತಿದಾಗಲೆಲ್ಲ ಅದೇ ಕಣ್ಣು ತೋರಿಸಿ ಹೆದರಿಸುತ್ತಿದ್ದೆ. ತೇವ ಆರದ ಗೋಡೆಗೆ ಒಮ್ಮೆಲೇ ಉರಿ ಕೊಟ್ಟರೆ ಒಳಗಿನ ನೀರು ಹಬೆಯಾಗಿ ಸಿಡಿಯುತ್ತದೆ ಎಂದು ಅಪ್ಪ ಆ ದಿನ ಕಲಿತರು. ಗಿರಾಕಿಗಳು ಕೈಬಿಟ್ಟಾರು ಎಂದು ಹೆದರಿ, ಯಾರಿಗೂ ಹೇಳದಂತೆ ನೀನು ತಮ್ಮನಿಂದ ಮಾತು ತೆಗೆದುಕೊಂಡೆ.

ಅದನ್ನು ಕ್ಷಮಿಸಬಹುದೇನೋ. ಆಗ ನಿನಗೆ ನನ್ನ ಈಗಿನ ಅರ್ಧ ವಯಸ್ಸು. ಅಣ್ಣ ತೊಟ್ಟಿಲಲ್ಲಿ. ಕಂಪನಿ ಎಂದರೆ ಒಂದು ತಗಡಿನ ಶೆಡ್ಡು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಬಹುಶಃ ಅದನ್ನೇ. ಆದರೆ ಮೊನ್ನೆ ಸೋಮವಾರ ಮಾಡಿದ್ದು?

ಭಾನುವಾರದ ಕಂಪನಿ ಸಮಾರಂಭದಲ್ಲಿ ಹೊಸ ಕುಲುಮೆಯನ್ನು ಅಪ್ಪನ ಹಾಗೆ ಒಂದೇ ದಿನದಲ್ಲಿ ಕಾಯಿಸಿ ತೋರಿಸುತ್ತೇನೆ ಎಂದು ಅಣ್ಣ ಊಟದ ಮೇಜಿನಲ್ಲಿ ಹೇಳಿದ. ಗಿರಾಕಿಗಳ ಕುಲುಮೆಯನ್ನು ವಾರಗಟ್ಟಲೆ ಸಣ್ಣ ಉರಿಯಲ್ಲಿ ಒಣಗಿಸುವವನಿಗೆ ಅಪ್ಪನ ವಿಷಯ ಬಂದರೆ ಮಾತ್ರ ಬುದ್ಧಿಗೆ ಮಂಕು ಕವಿಯುತ್ತದೆ. ಮೇಸ್ತ್ರಿ ಬೇಡವೆಂದರಂತೆ. "ಅವರದ್ದು ಯಾವಾಗ್ಲೂ ಆಮೆ ನಡಿಗೆ. ಅಪ್ಪ ಮಾಡಿರ್ಲಿಲ್ವಾ, ಅಮ್ಮ?" ಎಂದ. ನೀನು ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತಾ, "ಹೂಂ ಕಣೋ, ಸಂಜೆಗೆಲ್ಲ ಕೆಂಡದ ಹಾಗಿತ್ತು" ಎಂದೆ.

ಇವತ್ತು ಬೆಳಿಗ್ಗೆ ನಾನೇ ಅವನಿಗೆ ನಿಜ ಹೇಳಿದೆ. "ಇಂಗ್ಲಿಷ್ ಸ್ಕೂಲಲ್ಲಿ ಓದಿ ಅಪ್ಪನ್ನೇ ತಿದ್ದೋಕೆ ಬಂದ್ಯಾ? ಅಮ್ಮ ಹೇಳ್ಲಿ, ಆಗ ನಿಲ್ಲಿಸ್ತೀನಿ" ಎಂದ. ಮಾವ ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದಾರೆ; ನನಗೆ ಬಾಯಿಬಿಟ್ಟಿದ್ದಕ್ಕೇ ಕೊರಗುತ್ತಿದ್ದಾರೆ. ಉಳಿದವಳು ನೀನೊಬ್ಬಳೇ.

ಅಪ್ಪನ ಹೆಸರು ಕೆಡುತ್ತದೆ ಎನ್ನಬೇಡ. ಹೋದವರ ಹೆಸರು ಉಳಿಯಲು ಇರುವವರ ಕಣ್ಣು ಇನ್ನೆಷ್ಟು ಬೇಕು? ಶನಿವಾರದೊಳಗೆ ಅವನಿಗೆ ಹೇಳು.

ಇನ್ನೂ ನಿನ್ನವಳೇ ಆದ,
ಮಗಳು

ತಾ.ಕ.: ಮೊದಲ ಸಾಲಿನಲ್ಲಿ, ಕುಲುಮೆಯ ಬಾಗಿಲಿಗೆ ನೇರ ಎದುರಾಗಿ, ಅಣ್ಣ ಮಾವನಿಗೆ ಕುರ್ಚಿ ಹಾಕಿಸಿದ್ದಾನೆ, ಹಿರಿಯರೆಂಬ ಗೌರವಕ್ಕೆ. ಅದರ ಮೇಲಿದ್ದ ಅವರ ಹೆಸರಿನ ಚೀಟಿ ಕಿತ್ತು ನನ್ನದನ್ನು ಅಂಟಿಸಿ ಬಂದಿದ್ದೇನೆ. ತಮ್ಮನ ಕಣ್ಣು ಹೋದರೂ ನೀನು ಬಾಯಿ ಬಿಡಲಿಲ್ಲ. ಭಾನುವಾರ ನಾನು ಅಲ್ಲಿ ಕೂತಿರುತ್ತೇನೆ.