ಅಮೆರಿಕದ ಬಟ್ಟೆ, ಲೊರೆಶೋದ ಲೋಟ

ಜೈ ಭೀಮ್ ಅಕ್ಕ,

ನಿನ್ನೆ ನೈರೋಬಿಯ ಕನ್ನಡ ಸಂಘದಲ್ಲಿ ನನ್ನ ಭಾಷಣದಲ್ಲಿ ಗುಡುಗಿದೆ. ಅಮೆರಿಕದ ಉತ್ತರದ ಗಿರಣಿ ಮಾಲೀಕರು ಗುಲಾಮರು ಬಿಡಿಸಿದ ಹತ್ತಿಯಿಂದ ಬಟ್ಟೆ ನೇಯಿಸಿ, ಈ ಆಫ್ರಿಕಾಕ್ಕೇ ತಂದು ಮಾರಿ, ‘ನಾವು ಗುಲಾಮರನ್ನು ಇಟ್ಟವರಲ್ಲ’ ಎಂದು ಸಾಚಾಗಳಾದರು ಎಂದೆ. ಚಪ್ಪಾಳೆಯೋ ಚಪ್ಪಾಳೆ.

ಇವತ್ತು ಬೆಳಿಗ್ಗೆ, ನಾನು ಉಳಿದಿರುವ, ಇಲ್ಲಿನ ಲೊರೆಶೋ ಬಡಾವಣೆಯ ಕನ್ನಡದವರ ಮನೆಯಲ್ಲಿ ನೀರು ಕುಡಿಯಲು ಕಿಟಕಿಯ ಬಳಿಯಿದ್ದ ಲೋಟ ಎತ್ತಿಕೊಂಡೆ. ಮನೆಯೊಡತಿ ಮೈಥಿಲಿ ಓಡಿಬಂದರು. “ಅಯ್ಯೋ ಸರ್, ಅದು ನಮ್ಮ ಕೆಲಸದವಳು, ಇಲ್ಲಿಯವಳು ವಾಂಜಿಕುದು, ಸಪರೇಟ್ ಇಟ್ಟಿದೀವಿ.” ಎರಡು ಲೋಟದ ಪದ್ಧತಿ ವಿರುದ್ಧ ಜೈಲಿಗೆ ಹೋದ ನಿನ್ನ ತಮ್ಮ ‘ಸಾರಿ’ ಎಂದು ಅದನ್ನು ಇದ್ದಲ್ಲೇ ಇಟ್ಟ. ಆಮೇಲೆ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡೆ.

ಬಿಪಿ ಮಾತ್ರೆ ಸಾಕಷ್ಟಿದೆ. ಸಂಜೆ ಕಾಫಿಯನ್ನು ಆ ಲೋಟದಲ್ಲೇ ಕೊಡಿ ಎಂದು ಕೇಳುತ್ತೇನೆ. ಕೇಳದೆ ಊರಿಗೆ ಬಂದರೆ ಬಾಗಿಲು ತೆಗೆಯಬೇಡ.

ನಿನ್ನ ತಮ್ಮ,
ಮುನಿವೆಂಕಟ