ದೊಡ್ಡವ್ವನ ಹದಿನೆಂಟು ಸೆಕೆಂಡು

ಗದಗ-ಬೆಟಗೇರಿ ನೆರಳುಮನೆ
ಶ್ರಾವಣ ಮಾಸದ ಮೂವತ್ತೆಂಟನೇ ದಿನ, ಕ್ರಿ.ಶ. 2214

ಎರಡು ಶತಮಾನದ ಹಿಂದೆ ದೇಹದ ಒಳಗಿನ ಚಿತ್ರ ತೆಗೆಯುತ್ತಿರುವ ಮತ್ತು ತೆಗೆಸಿಕೊಳ್ಳುತ್ತಿರುವ ಹಿರಿಯರೆಲ್ಲರಿಗೂ ಮಹಾನಂದಾ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಬಿಡಾಡಿ ದನಗಳಂತೆ ಅಡ್ಡಾಡಿಕೊಂಡಿವೆ. ಹನ್ನೆರಡರಲ್ಲಿ ಮೂರು ತಿಂಗಳು ಕಿತ್ತುಹಾಕುವಾಗ ಶ್ರಾವಣವನ್ನು ಮುಟ್ಟುವ ಧೈರ್ಯ ಮಾತ್ರ ಯಾವ ಸರಕಾರಕ್ಕೂ ಆಗಲಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮೆ ಇರಲಿ. ನಿಮ್ಮ ಬರಹ ಓದುವಾಗ ನಮಗೂ ಹಾಗೇ ಆಗುತ್ತದೆ. ಈ ಪತ್ರ ನಿಮ್ಮ ಕೈಗೆ ಹೇಗೆ ಬಂತೆಂದು ಕೇಳಬೇಡಿ. ನಮ್ಮ ಅಂಚೆಯಣ್ಣನಿಗೂ ಅದು ಗೊತ್ತಿಲ್ಲ, ಅವನು ಕೇಳುವ ಗೋಜಿಗೂ ಹೋಗಿಲ್ಲ.

ನಾನು ವೃತ್ತಿಯಿಂದ ನಾಳಗಾರ್ತಿ. ಮಣಿಕಟ್ಟಿನ ರಕ್ತನಾಳದಲ್ಲಿ ಕೂದಲೆಳೆಯಂಥ ಕೊಳವೆ ತೂರಿಸಿ, ಪರದೆಯ ಮೇಲೆ ಅದರ ದಾರಿ ನೋಡುತ್ತ, ಹೃದಯಕ್ಕೋ ಮಿದುಳಿಗೋ ಹೋಗಿ, ಮುಚ್ಚಿದ್ದನ್ನು ತೆರೆದು, ತೆರೆದದ್ದನ್ನು ಮುಚ್ಚಿ ಬರುವುದು ನನ್ನ ಕೆಲಸ. ನಿಮ್ಮ ಕಾಲದಲ್ಲಿ ಇವರನ್ನು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಎನ್ನುತ್ತಿದ್ದರಂತೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ರೋಗಿಗೆ ಅರ್ಧ ವಾಸಿಯಾಗುತ್ತಿತ್ತು ಎಂದು ನಮ್ಮ ಗುರುಗಳು ತಮಾಷೆ ಮಾಡುತ್ತಿದ್ದರು. ನಾನು ಕೆಲಸ ಮಾಡುವ ಆಸ್ಪತ್ರೆಗೆ ನೆರಳುಮನೆ ಎಂದು ಹೆಸರು. ಇಲ್ಲಿ ಚಾಕು ಎಂದರೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ವಸ್ತು, ಅಷ್ಟೇ. ಚಿತ್ರ ಓದುವ ಯಂತ್ರವೂ ಇದೆ; ನಿಮ್ಮ ಕಾಲದಲ್ಲೇ ಅದಕ್ಕೆ ಅಕ್ಷರಾಭ್ಯಾಸ ಆಗಿತ್ತಂತೆ. ಈಗ ಅದು ಬಹಳ ಓದಿಕೊಂಡಿದೆ. ಆದರೂ ವರದಿಯ ಕೊನೆಗೆ "ಇರಬಹುದು, ಇಲ್ಲದೆಯೂ ಇರಬಹುದು, ವೈದ್ಯರನ್ನು ಕಾಣಿರಿ" ಎಂದೇ ಬರೆಯುತ್ತದೆ. ನಿಮ್ಮಿಂದ ನಮಗೆ ಬಂದ ಆಸ್ತಿಯಲ್ಲಿ ಚೂರೂ ಸವೆಯದೆ ಉಳಿದದ್ದು ಅದೊಂದೇ.

ದೇಹದ ಒಳಗಿನ ಚಿತ್ರಕ್ಕೆ ನಾವು ಒಳಪಟ ಎನ್ನುತ್ತೇವೆ. ವರ್ಷಕ್ಕೊಮ್ಮೆ ಎಲ್ಲರೂ ತೆಗೆಸುತ್ತಾರೆ, ತೆಗೆಸಿದ್ದನ್ನು ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುತ್ತಾರೆ. ಬಂದವರಿಗೆ ನೀರು-ಬೆಲ್ಲ ಕೊಟ್ಟ ಮೇಲೆ ಒಳಪಟ ತೋರಿಸುವುದು ಮರ್ಯಾದೆ. ನೋಡಿದವರು "ಮೂತ್ರಪಿಂಡ ಬಾಳ ಲಕ್ಷಣ ಅದಾವ ನೋಡ್ರಿ" ಎಂದೇನಾದರೂ ಒಂದು ಒಳ್ಳೆಯ ಮಾತು ಆಡುವುದು ಪ್ರತಿಮರ್ಯಾದೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಿಲ್ಲ, ಎರಡೂ ಕಡೆಯ ಒಳಪಟಗಳನ್ನು ಅಕ್ಕಪಕ್ಕ ಹಿಡಿದು ನೋಡುತ್ತಾರೆ. ಚುನಾವಣೆಗೆ ನಿಂತವರು ತಮ್ಮ ಬೆನ್ನೆಲುಬಿನ ಪಟವನ್ನು ಊರ ತುಂಬ ಅಂಟಿಸಬೇಕೆಂದು ಕಾಯಿದೆಯೇ ಇದೆ, ಆದರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಂಡಿಲ್ಲ.

ನನ್ನ ಗೋಳು ಶುರುವಾದದ್ದು ಈ ಪಡಸಾಲೆಯ ಪಟದಿಂದಲೇ. ನನ್ನನ್ನು ಸಾಕಿದವಳು ದೊಡ್ಡವ್ವ, ಹೆಸರು ನೀಲಗಂಗವ್ವ, ನನ್ನ ಅಪ್ಪನ ಅಣ್ಣನ ಹೆಂಡತಿ. ಹಡೆದವಳು ಹೋದಾಗ ನನಗೆ ಎರಡು ವರ್ಷ. ಅಂದಿನಿಂದ ನನಗೆ ಇವಳೇ ಅವ್ವ. ಅವಳ ನೆಗೆಣ್ಣಿ, ಅಂದರೆ ಅಪ್ಪನ ತಮ್ಮನ ಹೆಂಡತಿ, ಬಸಲಿಂಗವ್ವ ನನಗೆ ಚಿಗವ್ವ. ಹನ್ನೆರಡು ವರ್ಷದ ಹಿಂದೆ ಮನೆ ತುಂಬ ಬೀಗರು ನೆರೆದಿದ್ದಾಗ ಚಿಗವ್ವ ಗೋಡೆಯ ಮೇಲಿನ ದೊಡ್ಡವ್ವನ ಒಳಪಟದ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ಅಯ್ಯ ಅಕ್ಕಾ, ನಿನ್ನ ಯಕೃತ್ತಿನ ಮ್ಯಾಲೆ ಎರಡು ಸೇರು ತುಪ್ಪ ಕುಂತೈತಲ್ಲ!" ಎಂದುಬಿಟ್ಟಳು. ಮಾತು ಸುಳ್ಳೇನಲ್ಲ. ನಿಜವಾದದ್ದಕ್ಕೇ ಅದು ಹೆಚ್ಚು ಚುಚ್ಚಿತು. ಅಂದೇ ದೊಡ್ಡವ್ವ ನೆಗೆಣ್ಣಿಯೊಂದಿಗೆ ಮಾತು ಬಿಟ್ಟಳು.

ಮಾತು ಬಿಡುವುದು ಎಂದರೇನೆಂದು ನಿಮಗೆ ವಿವರಿಸಬೇಕಿಲ್ಲ. ನಿಮ್ಮ ಮನೆಗಳಲ್ಲೂ ಅದು ಸಾಂಗವಾಗಿ ನಡೆದಿರುತ್ತದೆ. ನಮ್ಮ ದೊಡ್ಡವ್ವ ಮಾತ್ರ ಅದನ್ನು ವ್ರತದ ಮಟ್ಟಕ್ಕೆ ಏರಿಸಿದಳು. ಚಿಗವ್ವ ಇರುವ ಕೋಣೆಯಲ್ಲಿ ಅವಳು ಬೇರೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ತನ್ನ ದನಿಯೇ ಆಕೆಯ ಕಿವಿಗೆ ಬೀಳಬಾರದು ಎಂಬ ಹಟ. ಉಳಿದ ಹೊತ್ತೆಲ್ಲ ಅವಳ ಬಾಯಿಗೆ ಬಿಡುವೇ ಇಲ್ಲ. ಊಟ ಮಾಡುತ್ತ, ರೊಟ್ಟಿ ಬಡಿಯುತ್ತ, ಜಪ ಮಾಡುತ್ತ ನಡುನಡುವೆ, ಕೊನೆಗೆ ನಿದ್ದೆಯಲ್ಲೂ ಒಂದೆರಡು ವಾಕ್ಯ ಆಡುತ್ತಾಳೆ.

ಹೋದ ವರ್ಷದ ಒಳಪಟದಲ್ಲಿ ಅವಳ ಮಿದುಳಿನ ಒಂದು ನಾಳ ಬುಗ್ಗೆಯಂತೆ ಉಬ್ಬಿದ್ದು ಕಂಡಿತು. ಜೋಳದ ಕಾಳಿನಷ್ಟು ಉಬ್ಬು. ಯಂತ್ರ ಎಂದಿನಂತೆ "ಇರಬಹುದು, ಇಲ್ಲದೆಯೂ ಇರಬಹುದು" ಎಂದಿತು, ಆದರೆ ನನಗೆ ಅನುಮಾನ ಉಳಿಯಲಿಲ್ಲ. ಅದು ಒಡೆದರೆ ಮುಗಿಯಿತು. ಕೊಳವೆ ತೂರಿಸಿ, ಉಬ್ಬಿನೊಳಗೆ ಸಣ್ಣ ತಂತಿಯನ್ನು ಸುತ್ತಿ ಸುತ್ತಿ ತುಂಬಿ, ರಕ್ತ ಅತ್ತ ಹೋಗದಂತೆ ಮಾಡಬೇಕು. ನಮಗೆ ಇದು ದಿನವಹಿ ಕೆಲಸ. ಸ್ವಂತದವರಿಗೆ ಸೂಜಿ ಚುಚ್ಚಬಾರದೆಂಬ ನಿಯಮವಿದೆ, ಆದರೆ ದೊಡ್ಡವ್ವ ಬೇರೆ ಯಾರಿಗೂ ಕೈ ಕೊಡಲು ಒಪ್ಪಲಿಲ್ಲ. "ಈ ಕೈಯಿಂದ ತುತ್ತು ತಿಂದಾಕೀನ ಚುಚ್ಚಲಿ" ಎಂದು ಕೂತಳು.

ಆದರೆ ಒಂದು ತೊಡಕಿತ್ತು. ಕೊಳವೆ ಹೊರಡುವ ಮೊದಲು ನಾಳಗಳ ನಕಾಶೆ ತೆಗೆಯಬೇಕು, ಅದಕ್ಕೆ ಹದಿನೆಂಟು ಸೆಕೆಂಡು ಬೇಕು. ನಮ್ಮ ಯಂತ್ರ ಉಸಿರಾಟದ ಅಲುಗಾಟವನ್ನು ತಾನೇ ಪಟದಿಂದ ಕಳೆದುಹಾಕುತ್ತದೆ, ಎದೆಬಡಿತವನ್ನು ಕಳೆಯುತ್ತದೆ, ಹೊರಗೆ ಹಾಯುವ ರೈಲಿನ ನಡುಕವನ್ನೂ ಕಳೆಯುತ್ತದೆ. ಅವೆಲ್ಲ ಒಂದೇ ತಾಳದಲ್ಲಿ ಬರುವಂಥವು, ಮುಂದಿನದನ್ನು ಯಂತ್ರ ಊಹಿಸುತ್ತದೆ. ಮಾತನ್ನು ಊಹಿಸಲಾರದು, ಅದರಲ್ಲೂ ದೊಡ್ಡವ್ವನ ಮಾತನ್ನು ದೇವರೂ ಊಹಿಸಲಾರ. ದವಡೆ ಅಲುಗಿದರೆ ಪಟ ಕಲಸಿ ಹೋಗುತ್ತದೆ. ಮಂಪರು ಬರಿಸೋಣವೆಂದರೆ ಎಂಬತ್ತೊಂಬತ್ತರ ಅವಳ ಹೃದಯ ತಾಳುವಂತಿರಲಿಲ್ಲ.

ಮೊದಲ ದಿನ ಯಂತ್ರ ತನ್ನ ಮೆತ್ತನೆಯ ದನಿಯಲ್ಲಿ "ದಯವಿಟ್ಟು ಅಲುಗಾಡಬೇಡಿ, ಮಾತಾಡಬೇಡಿ" ಎಂದಿತು. ದೊಡ್ಡವ್ವ ಕೂಡಲೇ, "ಇಲ್ಲವಾ, ನಾ ಯಾಕ ಮಾತಾಡಲಿ? ದನಿ ಚಲೋ ಐತಿ ನಿಂದು. ಯಾರ ಪೈಕಿ ನೀ? ಲಗ್ನ ಆಗೇತೇನು?" ಎಂದು ಕೇಳಿದಳು. ಎರಡನೇ ದಿನ ನಾನೇ ಕೈಮುಗಿದೆ. ಬಾಯಿ ಬಿಗಿದುಕೊಂಡಳು, ನಾನು ಎಣಿಸಿದೆ. ಒಂಬತ್ತಕ್ಕೆ ಬರುವಷ್ಟರಲ್ಲಿ "ಎಷ್ಟಾತು?" ಎಂದಳು. ಮೂರನೇ ದಿನ ಏಳಕ್ಕೇ ಕೇಳಿದಳು. ನಾನು ಹಿತ್ತಲಲ್ಲಿ ಕೂತು ಅತ್ತೆ. ಇಷ್ಟೆಲ್ಲ ಕಲಿತು, ನನ್ನ ಅವ್ವನಂಥವಳನ್ನು ಹದಿನೆಂಟು ಸೆಕೆಂಡಿಗಾಗಿ ಕಳೆದುಕೊಳ್ಳುತ್ತೇನೆಂದು ಹೆದರಿದೆ.

ಅಳುತ್ತ ಕೂತಾಗಲೇ ಹೊಳೆಯಿತು. ಎದ್ದು ನೇರ ಚಿಗವ್ವನ ಮನೆಗೆ ಹೋಗಿ, ದೊಡ್ಡವ್ವನ ಕಣ್ಣೆದುರು ಬಂದು ನಿಂತರೆ ಸಾಕು ಎಂದು ಕೇಳಿಕೊಂಡೆ. "ಅಕಿ ಮಾರಿ ನೋಡೂದಿಲ್ಲಂತ ಆಣಿ ಮಾಡೀನಿ, ನಾ ಬರೂದಿಲ್ಲ" ಎಂದಳು. ನಾನು ಒಳಪಟ ತೆಗೆದು ಜೋಳದ ಕಾಳಿನಂಥ ಉಬ್ಬನ್ನು ತೋರಿಸಿದೆ. ಚಿಗವ್ವ ಅದರ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು, "ನಿಂದರೂದು ಅಷ್ಟ ಅಲ್ಲೇನು? ನಡಿ" ಎಂದಳು.

ಮರುದಿನ ದೊಡ್ಡವ್ವ ಮೇಜಿನ ಮೇಲೆ ಮಲಗಿ ನಮ್ಮ ನರ್ಸಿನ ಗಂಡನ ಕುಲಗೋತ್ರ ವಿಚಾರಿಸುತ್ತಿದ್ದಾಗ ಚಿಗವ್ವ ಒಳಗೆ ಬಂದು ಅವಳ ಕಣ್ಣಿಗೆ ಬೀಳುವಲ್ಲಿ ನಿಂತಳು. ಅರ್ಧ ಮಾತಿನಲ್ಲೇ ದೊಡ್ಡವ್ವನ ಬಾಯಿ ಪೆಟ್ಟಿಗೆ ಮುಚ್ಚಿದಂತೆ ಮುಚ್ಚಿತು. ಹದಿನೆಂಟು ಸೆಕೆಂಡಲ್ಲ, ಐವತ್ತು ನಿಮಿಷ! ನಕಾಶೆ ಸ್ಫಟಿಕದಂತೆ ಬಂತು. ನಾನು ಮಣಿಕಟ್ಟಿನಿಂದ ಹೊರಟು, ತೋಳು, ಕುತ್ತಿಗೆ ದಾಟಿ, ಉಬ್ಬಿನೊಳಗೆ ತಂತಿ ಸುತ್ತಿ ತುಂಬಿದೆ. ಅಷ್ಟೂ ಹೊತ್ತು ಚಿಗವ್ವ ಪರದೆಯ ಮೇಲಿನ ಕೊಳವೆಯನ್ನೇ ನೋಡುತ್ತ, ತುಟಿ ಅಲುಗಿಸಿ ಸದ್ದಿಲ್ಲದೆ ಜಪ ಮಾಡುತ್ತಿದ್ದಳು. ಕೊಳವೆ ಹೊರಬಂದದ್ದೇ ತಡ, ಆಣೆ ಮರೆತು, "ಅಕ್ಕಾ, ಜೀವ ಐತೇನ?" ಎಂದಳು. ದೊಡ್ಡವ್ವ ಕಣ್ಣು ತೆರೆದು, "ಐತಿ. ನಿನ್ನ ಮಾರಿ ನೋಡಿದ ಮ್ಯಾಲೆ ಹೋಗಬೇಕಂತ ಮಾಡಿತ್ತು, ಹುಡುಗಿ ಹಿಡದ ಇಟ್ಟಾಳ" ಎಂದಳು. ಇಬ್ಬರೂ ಅತ್ತರು, ನಾನೂ ಅತ್ತೆ. ನಂತರ ಹನ್ನೊಂದು ವರ್ಷದ ಬಾಕಿ ಮಾತು ಕಟ್ಟೆಯೊಡೆದು ಹರಿಯಿತು.

ನನ್ನ ಎಡವಟ್ಟು ತಿಳಿದದ್ದು ಆರು ತಿಂಗಳ ನಂತರ. ತಂತಿ ಕೂತಿದೆಯೋ ಸಡಿಲವಾಗಿದೆಯೋ ನೋಡಲು ಮತ್ತೆ ಪಟ ತೆಗೆಯಬೇಕು, ಮತ್ತೆ ಹದಿನೆಂಟು ಸೆಕೆಂಡು ಬೇಕು. ಅಭ್ಯಾಸಬಲದಿಂದ ಚಿಗವ್ವನನ್ನು ಕರೆಸಿದೆ. ಈಗ ಮಾತಾಡುವವರು ಇಬ್ಬರು! ಮೂರು ಸಲ ತೆಗೆದೆ. ಮೂರು ಸಲವೂ ಪಟ ಮೊಸರು ಕಲಸಿದಂತೆ ಬಂತು. ಮದ್ದು ಇದ್ದದ್ದು ಒಂದೇ ಎಂದು ಆಗ ಅರ್ಥವಾಯಿತು. ದೊಡ್ಡವ್ವ ಇನ್ನೊಬ್ಬರೊಂದಿಗೆ ಮಾತು ಬಿಡಬೇಕು, ಆ ಇನ್ನೊಬ್ಬರು ಅವಳ ಕಣ್ಣೆದುರಿಗೇ ಇರಬೇಕು. ಆ ಕೋಣೆಯಲ್ಲಿ ಇರಲೇಬೇಕಾದವಳು ನಾನೊಬ್ಬಳೇ.

ದೊಡ್ಡವ್ವನ ಬದನೆಕಾಯಿ ಎಣಗಾಯಿಯ ವಿಷಯ ನಿಮಗೆ ಹೇಳಲೇಬೇಕು. ನನಗೆ ಹಲ್ಲು ಗಟ್ಟಿಯಾದಾಗಿನಿಂದ ಪ್ರತಿ ಸೋಮವಾರ ನನಗೆಂದೇ ಮಾಡುತ್ತಾಳೆ. ಹುರಿದ ಎಳ್ಳು, ಗುರೆಳ್ಳು, ಶೇಂಗಾಪುಡಿ ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಕಾಯುತ್ತಾಳೆ. ಅದಕ್ಕಿಂತ ರುಚಿಯಾದದ್ದನ್ನು ನಾನು ಈ ಜನ್ಮದಲ್ಲಿ ತಿಂದಿಲ್ಲ. ಮೇಜಿನ ಮೇಲೆ ಮಲಗಿದ್ದ ಅವಳ ಹತ್ತಿರ ಹೋಗಿ, ಚಿಗವ್ವನಿಗೂ ಕೇಳುವಂತೆ ಹೇಳಿದೆ: "ದೊಡ್ಡವ್ವ, ಮೂವತ್ತಾರು ವರ್ಷ ಬಾಯಿ ಮುಚಗೊಂಡು ತಿಂದೀನಿ. ನಿನ್ನ ಎಣಗಾಯಿ ನನಗ ಎಂದೂ ಸೇರಿಲ್ಲ."

ದೊಡ್ಡವ್ವ ನನ್ನನ್ನು ನೋಡಿದಳು. ಆ ನೋಟ ನಿಮಗೆ ಬರೆದು ತಿಳಿಸಲಾರೆ. ಆಮೇಲೆ ಬಾಯಿ ಮುಚ್ಚಿದಳು. ಪಟ ಸ್ವಚ್ಛವಾಗಿ ಬಂತು. ತಂತಿ ಒಂದು ಕಡೆ ಸಡಿಲಿ ರಕ್ತ ಜಿನುಗಿ ಒಳಗೆ ಹೋಗುತ್ತಿತ್ತು. ಅಂದೇ ಇನ್ನೊಂದು ಎಳೆ ಸುತ್ತಿ ಗಟ್ಟಿ ಮಾಡಿದೆ. ಆ ದಿನ ನೋಡದೆ ಬಿಟ್ಟಿದ್ದರೆ ಈ ಶ್ರಾವಣಕ್ಕೆ ಅವಳು ಇರುತ್ತಿರಲಿಲ್ಲ.

ಇದಾಗಿ ಎಂಬತ್ತು ದಿನ. ದೊಡ್ಡವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಒಂದೇ ಸೂರಿನಡಿ ಇರುವುದರಿಂದ, ಹಸಿದವರನ್ನು ನೋಡಿಕೊಂಡು ಕೂರುವ ಜಾಯಮಾನ ಅವಳದಲ್ಲವಾದ್ದರಿಂದ, ಅಗತ್ಯವಿದ್ದಷ್ಟನ್ನು ಗೋಡೆಗೆ ಹೇಳುತ್ತಾಳೆ. "ಯಾರರ ಉಣ್ಣೋರಿದ್ರ ತಾಟ ಹಾಕೈತಿ." "ಮಳಿ ಬರೂಹಂಗ ಐತಿ, ಹೊರಗ ಹೋಗೋರು ಛತ್ರಿ ಒಯ್ಯಲಿ." ಈಚೆಗೆ ಗೋಡೆಗೆ ಹೇಳುವ ಮಾತು ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ. ನನಗೆ ಸಂತೋಷ ಆಗಬೇಕು, ಆದರೆ ಭಯವಾಗುತ್ತದೆ. ಬರುವ ವರ್ಷ ಕೊನೆಯ ಪಟ ಬಾಕಿ ಇದೆ. ಅಲ್ಲಿಯವರೆಗೆ ಅವಳ ಸಿಟ್ಟು ಇಳಿಯಕೂಡದು. ನಿಜ ಹೇಳಿ ಕಾಲು ಹಿಡಿಯೋಣವೆಂದು ದಿನಾ ಅನ್ನಿಸುತ್ತದೆ, ದಿನಾ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬಿನ್ನಹ. ಈ ಯಂತ್ರಗಳ ತಾಯಿಬೇರು ನಿಮ್ಮ ಕಾಲದಲ್ಲಿದೆ. ನೀವು ಅವನ್ನು ಚುರುಕು ಮಾಡುತ್ತಿದ್ದೀರಿ ಎಂದು ಓದಿದ್ದೇನೆ. ಇನ್ನೊಂದಿಷ್ಟು ಚುರುಕು ಮಾಡಿ. ಮನುಷ್ಯರು ಸುಮ್ಮನಿರುತ್ತಾರೆಂದು ನಂಬಿ ಯಂತ್ರ ಕಟ್ಟಬೇಡಿ. ಮಾತಾಡುತ್ತಿರುವಾಗಲೇ, ನಡುವೆ ಯಾರದೋ ಕುಲಗೋತ್ರ ಕೇಳುತ್ತಿರುವಾಗಲೇ ಪಟ ತೆಗೆಯುವ ಉಪಾಯವನ್ನು ಈಗಿನಿಂದಲೇ ಹುಡುಕಿ. ಇನ್ನೂರು ವರ್ಷ ಸಮಯವಿದೆ. ನೀವು ಹುಡುಕಿದರೆ ನಾನು ಆ ಸುಳ್ಳು ಹೇಳಿರುವುದೇ ಇಲ್ಲ.

ಪತ್ರ ನಿಲ್ಲಿಸಬೇಕು. ಇವತ್ತು ಸೋಮವಾರ. ಎಂಬತ್ತು ದಿನದ ಮೇಲೆ ಮೊದಲ ಸಲ ಅಡುಗೆಮನೆಯಿಂದ ಗುರೆಳ್ಳು ಹುರಿದ ವಾಸನೆ ಬರುತ್ತಿದೆ. ದೊಡ್ಡವ್ವ ಗೋಡೆಗೆ, "ಬಸಲಿಂಗಿ ಮಾಡಿ ಕಳಿಸ್ಯಾಳ. ನಾ ಮಾಡಿಲ್ಲ. ಸೇರಿದೋರು ತಿನ್ನಲಿ" ಎಂದು ಹೇಳಿ ಎಣಗಾಯಿಯ ತಾಟು ಇಟ್ಟು ಹೋಗಿದ್ದಾಳೆ. ಒಂದು ತುತ್ತು ತಿಂದು ನೋಡಿದೆ. ಇದು ಯಾರ ಕೈಯದೆಂದು ತಿಳಿಯಲು ನನಗೆ ಯಾವ ಯಂತ್ರವೂ ಬೇಡ. ಕಣ್ಣೀರು ಒರೆಸಿಕೊಂಡು, ಅಡುಗೆಮನೆಗೆ ಕೇಳುವಂತೆ, ನಾನೂ ಗೋಡೆಗೆ ಹೇಳಿದೆ: "ಉಪ್ಪ ಕಡಿಮಿ ಆಗೇತಿ."

ಶರಣು.

ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು,
ಮಹಾನಂದಾ